ಹದಿನೆಂಟನೆಯ ಕೈ

ವೇದಿಕೆಯ ಮೇಲಿರುವ ಅಧ್ಯಕ್ಷೆಯವರೇ, ಕರೆಗೆ ಓಗೊಟ್ಟು ಬಂದ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕದ ಜಾಗವೇ ನೋಡಿಕೊಂಡು ಕುಳಿತಿರುವ ಗಂಡಸರೇ, ಮತ್ತು ಸಭಿಕರೇ,

'ಮಹಿಳೆಯರ ಸಬಲೀಕರಣದಲ್ಲಿ ಸಂಘದ ಪಾತ್ರ' ಎಂಬ ವಿಷಯ ಕೊಟ್ಟಿದ್ದಾರೆ. ಒಂಬತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಪಾತ್ರೆಯ ವಿಷಯ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಮಾತಾಡುತ್ತಿದ್ದೆ. ಆದರೂ ಸಂಘದ ನಡಾವಳಿ ಪುಸ್ತಕ ಬರೆಯುವವಳು ನಾನೇ. ಏಕೆ? ಅಕ್ಷರ ದುಂಡಗಿದೆ, ಅಷ್ಟೇ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಸಂಘ. ಹದಿನೆಂಟು ಜನ. ಕಳೆದ ವರ್ಷ ದೊಡ್ಡಾಸ್ಪತ್ರೆಯವರು ತಮ್ಮ ಹಾಸಿಗೆ ಬಟ್ಟೆಗಳ ಗುತ್ತಿಗೆ ಕೊಡಲು ಬಂದರು. ಷರತ್ತು ಒಂದೇ: ಬೆಳಿಗ್ಗೆ ಐದಕ್ಕೆ ಹದಿನೆಂಟೂ ಜನ ಕೆಲಸದಲ್ಲಿರಬೇಕು. ಗುತ್ತಿಗೆ ಸಿಕ್ಕರೆ ಮೇಲ್ವಿಚಾರಕಿ ನಾನೇ ಎಂದು ಮಾತಾಗಿತ್ತು. ಸ್ಟೂಲಿನ ಮೇಲೆ ಕುಳಿತು ನಾಲ್ಕು ಜನಕ್ಕೆ ಕೆಲಸ ಹೇಳುವ ಆಸೆ ಯಾರಿಗಿಲ್ಲ ಹೇಳಿ?

"ಒಪ್ಪಿಗೆ ಇದ್ದೋರು ಕೈ ಎತ್ರಮ್ಮಾ" ಎಂದರು ಅಧ್ಯಕ್ಷೆ. ಕೈಗಳು ಎದ್ದವು. "ಬರಿ ಮಗಳೇ, ಸರ್ವಾನುಮತ."

ಬರೆದುಕೊಟ್ಟೆ. ಅವರು ಗಟ್ಟಿಯಾಗಿ ಓದಿದರು: "ಹದಿನೇಳು ಕೈ ಎದ್ದವು. ಹದಿನೆಂಟನೆಯದನ್ನು ಪಕ್ಕದವಳು ಹಿಡಿದು ಎತ್ತಿದಳು."

"ಇದೇನೇ ಇದು? ಹೊಡೆದುಹಾಕು."

"ನಡೆದದ್ದನ್ನೇ ಬರೆದೆ, ಅಮ್ಮಾ."

"ಯಾರ ಕೈ?"

"ನಮ್ಮತ್ತಿಗೇದು."

"ಎತ್ತಿದೋಳು?"

"ನಾನೇ."

ಹೌದು ಸಭಿಕರೇ, ನಾನೇ. ಎತ್ತುವಾಗ ಏನೂ ಅನ್ನಿಸಲಿಲ್ಲ. ಬರೆಯುವಾಗ ನಾಚಿಕೆಯಾಯಿತು.

ಅತ್ತಿಗೆ ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು. ಅವಳಿಗೆ ನಾವು ಹೇಳಿದ್ದುಂಟು, ಅವಳನ್ನು ಕೇಳಿದ್ದಿಲ್ಲ. ಅಣ್ಣ ಕೇಳಿರಲಿಲ್ಲ. ನಾನು ಕೇಳಿರಲಿಲ್ಲ. ಅಂದು ಅಧ್ಯಕ್ಷೆ ಕೇಳಿದರು: "ನಿಂಗೇನಮ್ಮಾ ಕಷ್ಟ?"

ಅತ್ತಿಗೆ ಎದ್ದು ನಿಂತಳು. "ಮಗೂಗೆ ಆರು ತಿಂಗಳು. ಐದಕ್ಕೆ ನಾನು ಹೊರಟ್ರೆ ಎತ್ಕೊಳ್ಳೋರು ಯಾರು? ನಮ್ಮನೆಯವರು ತಲೆ ಮೇಲೆ ಬಂಡೆ ಬಿದ್ರೂ ಏಳಲ್ಲ. ಇವಳು ಬಿಡಿ, ಅಣ್ಣನಿಗೆ ತಕ್ಕ ತಂಗಿ. ಏಳು ಗಂಟೆಗಾದ್ರೆ ಬರ್ತೀನಿ. ಐದಕ್ಕೆ ಬೇಡ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸಂಘದಲ್ಲಿ ಇಸ್ತ್ರಿ ಮಾಡುವ ಅಜ್ಜಿ ನನ್ನತ್ತ ತಿರುಗಿ, "ಬೇಡ ಅಂದ್ಲು ಅಂತ ಬರ್ಕೊಳೇ, ದುಂಡಗೆ" ಎಂದಳು.

ಏಳು ಗಂಟೆಗೆ ಆಸ್ಪತ್ರೆಯವರು ಒಪ್ಪಲಿಲ್ಲ. ಗುತ್ತಿಗೆ ಹೋಯಿತು. ಜೊತೆಗೆ ನನ್ನ ಸ್ಟೂಲೂ ಹೋಯಿತು. ಒಂದು ತಿಂಗಳು ಅತ್ತಿಗೆಯ ಮೇಲೆ ಮುಖ ಗಂಟಿಕ್ಕಿಕೊಂಡೇ ಇದ್ದೆ, ಸುಳ್ಳೇಕೆ ಹೇಳಲಿ? ಆದರೆ ಸಂಘದಲ್ಲಿ 'ನಿನ್ನಿಂದ ಹೀಗಾಯಿತು' ಎಂದವರು ಒಬ್ಬರೂ ಇಲ್ಲ. ಕೆಲಸ ಎಲ್ಲರಿಗೂ ಬೇಕಿತ್ತು, ಆದರೂ ಇಲ್ಲ. ಸಬಲೀಕರಣ ಎಂದರೆ ಇದೇ ಇರಬೇಕು. ಅಲ್ಲದಿದ್ದರೆ ಅತಿಥಿಗಳು ತಿದ್ದಲಿ.

ಇಂದು ಇಲ್ಲಿ ನಿಂತು ಮಾತಾಡಬೇಕಾಗಿದ್ದವಳು ಅತ್ತಿಗೆ. ಅಧ್ಯಕ್ಷೆಯವರು ಮೂರು ಸಲ ಕರೆದರು. ಮೂರು ಸಲವೂ "ಬೇಡ" ಎಂದಳು. ನನಗೆ ಹೇಳಿದಳು: "ನೀನೇ ಹೋಗಿ ಮಾತಾಡು. ನನ್ನ ಹೊಗಳ್ಬೇಡ. ನೀನು ಮಾಡಿದ್ದನ್ನ ಹೇಳು."

ಹೇಳಿದ್ದೇನೆ. ಕೇಳಿಸಿಕೊಂಡ ನಿಮಗೆಲ್ಲ ವಂದನೆ. ನಮಸ್ಕಾರ.