ಎಲ್ಲದಕ್ಕೂ ‘ಇಲ್ಲ’

ದಕ್ಷಿಣ ಕೊರಿಯಾದ ದೇಗು ನಗರದ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ತಾಯಂದಿರು ನಿಂತಿದ್ದರು. ಕಿರಿಯಾಕೆಯ ಕೈಯಲ್ಲಿ ಶಾಲೆಯಿಂದ ಬಂದ ಪತ್ರವಿತ್ತು.

“ಮನಸ್ಸಿನ ಪರೀಕ್ಷೆಯಂತೆ ಅಕ್ಕ. ‘ಸಾಯಬೇಕು ಅನ್ಸತ್ತಾ’ ಅಂತ ಕೇಳಿದ್ದಕ್ಕೆ ನಮ್ಮ ಯೇರಿನ್ ‘ಆಗಾಗ’ ಅಂತ ಗುರುತು ಹಾಕಿದಾಳೆ. ಆಸ್ಪತ್ರೆಗೆ ತೋರಿಸಿ ಅಂತ ಬರೆದಿದಾರೆ.”

“ಅಯ್ಯೋ ಹುಚ್ಚಿ, ಮೊದಲೇ ಹೇಳಿಕೊಡಬಾರದಿತ್ತಾ? ಹೈಸ್ಕೂಲ್ ಮೊದಲ ವರ್ಷ ಎಲ್ರಿಗೂ ಇದನ್ನ ಕೊಡ್ತಾರೆ. ನಾನು ಹಿಂದಿನ ದಿನವೇ ನಮ್ಮ ಬೊಮಿನ ಕೂರಿಸ್ಕೊಂಡು, ಎಲ್ಲದಕ್ಕೂ ‘ಇಲ್ಲ’ ಅಂತ ಹಾಕು ಅಂದಿದ್ದೆ.”

“ಹಾಕಿದ್ಲಾ?”

“ಹಾಕದೆ ಏನು? ನನ್ನ ಮಾತು ಯಾವತ್ತು ಮೀರಿದಾಳೆ?”

“ಆಗ ಅವಳಿಗೆ ಹಾಗೇನೂ ಅನ್ನಿಸ್ತಿರಲಿಲ್ವಾ?”

“ಅದನ್ನ ಯಾರು ಕೇಳಿದ್ರು? ದಾಖಲೆಯಲ್ಲಿ ಉಳಿದ್ರೆ ಯಾವ ಕಾಲೇಜಿನೋರು ಸೇರಿಸ್ಕೊತಾರೆ?”

“ಈಗ ಮೂರನೇ ವರ್ಷ ಅಲ್ವಾ, ಹೇಗಿದಾಳೆ?”

“ಅಳೋದು ನಿಂತಿದೆ. ಮಾತೂ ನಿಂತಿದೆ. ಓದ್ತಾಳೆ. ಅವಳ ಕೋಣೆ ಬಾಗಿಲು ಕಳಚಿಸಿಬಿಟ್ಟಿದೀವಿ.”

“ಬಾಗಿಲು ಯಾಕಕ್ಕ?”

“ಗಾಳಿ ಆಡ್ಲಿ ಅಂತ.”

ಬಸ್ ಬಂತು. ಹಿರಿಯಾಕೆ ಮೆಟ್ಟಿಲು ಹತ್ತುತ್ತ, ಹಿಂದೆ ತಿರುಗದೆಯೇ ಹೇಳಿದಳು:

“ಆಸ್ಪತ್ರೆಗೆ ಹೋಗೋದಾದ್ರೆ ಈ ಊರಲ್ಲಿ ಬೇಡ, ಯಾರಾದ್ರೂ ನೋಡ್ತಾರೆ. ನಾವು ಬುಸಾನ್‌ಗೇ ಹೋಗೋದು.”