ರಂಗಕ್ಕನ ಪತ್ತೇದಾರಿಕೆ

ಮಧುಗಿರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ದೊಡ್ಡೇರಿಯ ಮೇಷ್ಟ್ರು ನಂದೀಶ್ವರಯ್ಯ, ಸೀಮೆಯೆಲ್ಲ ಹೊಗಳುತ್ತಿದ್ದ ಪತ್ತೇದಾರಿ ಕಾದಂಬರಿಯನ್ನು ಗೆಳೆಯ ಮಹಾಲಿಂಗಯ್ಯನ ಮಡಿಲಿಗೆ ಎಸೆದರು.

"ತಗೊಳ್ರೀ ನಿಮ್ಮ ಪುಸ್ತಕ! ನನ್ನ ಮಾನ ಕಳೀತು."

"ಯಾಕ್ರೀ? ಕೊಲೆಗಾರ ಯಾರಂತ ಕೊನೇ ಪುಟದವರೆಗೂ ಗೊತ್ತಾಗಲ್ವಲ್ಲ!"

"ಜಗಲಿ ಮೇಲೆ ಕೂತು ಊರೋರಿಗೆ ಓದಿ ಹೇಳ್ತಿದ್ದೆ. ಅಕ್ಷರ ಬರದ ರಂಗಕ್ಕ ಮೊದಲನೇ ದಿನವೇ 'ಅಡಿಗೆಯವನೇ ಕಣಪ್ಪ' ಅಂದ್ಬುಟ್ಳು."

"ಹೆಂಗೆ ಹೇಳಿದ್ಲು?"

"ಕತೇಲಿ ಯಜಮಾನ ಸತ್ತಿರೋದು ಇನ್ನೂ ಯಾರಿಗೂ ಗೊತ್ತಿಲ್ಲ, ಆದ್ರೆ ಅಡಿಗೆಯವನು ಅವತ್ತು ಬೆಳಿಗ್ಗೆ ಒಲೆ ಹಚ್ಚಿಲ್ಲ. 'ಹೆಣ ಇರೋ ಮನೇಲಿ ಒಲೆ ಹಚ್ಚಲ್ಲ, ಹೆಣ ಐತೆ ಅಂತ ಅವ್ನಿಗೆ ಹೇಳಿದ್ಯಾರು?' ಅಂದ್ಳು."

"ನೀವೇನಂದ್ರಿ?"

"ಬಾಯ್ಮುಚ್ಚು ಅಂತ ಗದರಿ ಒಂಬತ್ತು ದಿನ ಓದಿದೆ. ಕೊನೆಗೆ ಅಡಿಗೆಯವನೇ!"

"ಈಗೇನಾಯ್ತು?"

ಬಸ್ಸು ಬಂತು. ಮೇಷ್ಟ್ರು ಎದ್ದರು.

"ಈಗ ಜಗಲಿ ಮೇಲೆ ಅವಳು ಕತೆ ಹೇಳ್ತಾಳೆ. ನಾನು ಕೆಳಗೆ ಕೂತು ಕೇಳ್ಬೇಕು."