ಲಾಳಿ ಡಬ್ಬಿಯ ಎರಡು ಗೆರಿ

…ತಾರತ್ತಿ, ಕಾಲ ಬೀಳತೀನಿ ಬೇ, ಮೊದಲ ಮಗ್ಗ ಬಂದ ಮಾಡ! ಕೇಳಸವಲ್ದಾ? ಬಂದ ಮಾಡ ಅಂದೆ! ನಿನ್ನ ಲಾಳಿ ಡಬ್ಬಿಗೆ ಹೋದವಾರ ಹೊಸಾ ಪಟ್ಟಿ ಕೂಡಿಸಿದ್ನೆಲ್ಲಾ, ಅದನ್ನ ಬಿಚ್ಚಿ ಒಯ್ಯಾಕ ಬಂದೇನಿ. ಬ್ಯಾರೆ ಹಾಕಿ ಕೊಡತೀನಿ, ಪುಕ್ಕಟ!

ಯಾಕ ನಗತಿ? ಈ ದುರಗೇಶ ಪುಕ್ಕಟ ಅಂದದ್ದಕ್ಕ? ಸಂಜಿಗೆ ಸೀರಿ ಇಳಸೂದೈತಿ, ಗೊತ್ತೈತಿ. ಹಾಳಾಗಿ ಹೋಗ್ಲಿ ನಿನ್ನ ಸೀರಿ… ಅಲ್ಲಲ್ಲ, ತಪ್ಪಾತು, ಬಾಯಿ ಜಾರ್ತು.

ಹೊಳೆವ್ವನ ಸುದ್ದಿ ಯಾಕ ತಗೀತಿ ಈಗ? ನಿನ್ನ ತಂಗಿ ಕಣ್ಣಿಗೆ ಮೊನ್ನೆ ಲಾಳಿ ಬಡದದ್ದು… ಅದ ಬ್ಯಾರೆ ಬೇ. ತೂಕಡಿಸಿರಬೇಕು ಅಂತ ನೀನ ಅಂದಿ. ಅದನ್ನ ಬಿಡ, ನನ್ನ ಮಾತ ಕೇಳ.

ಪಟ್ಟಿ ನಕ್ಷೀನ ನಾ ಕಂಪ್ಯೂಟರದಾಗ ಬರೀತೀನಿ. ಪಟ್ಟಿಯ ಎರಡ ಅಂಚಿಗೆ ಎರಡ ಗೆರಿ ಹೊಡದ್ರ ಸಾಲೂದಿಲ್ಲ, ಅವಕ್ಕ ಕಟ್ಟಳಿ ಹಾಕಬೇಕು. ನೀವಿಬ್ರೂ ಯಾವಾಗ್ಲೂ ಸಮಾಂತರ ಇರ್ರಿ, ಏನ ಬಂದ್ರೂ ಸಮಾಂತರ ಇರ್ರಿ, ಅಂತ. ಹಾಕಿದ್ರ, ಒಂದರ ಅಳತಿ ತಿದ್ದಿದಾಗ ಇನ್ನೊಂದೂ ಅದರ ಸಂಗಾಟ ಸರೀತೈತಿ. ಹಾಕ್ಲಿಲ್ಲಂದ್ರ ಸ್ವಟ್ಟ ಆಗತೈತಿ. ಕೂದಲೆಳಿಯಷ್ಟ! ನೋಡಿದ್ರ ನೆಟ್ಟಗ ಕಾಣತೈತಿ, ನೆಟ್ಟಗ ಇರೂದಿಲ್ಲ.

ನಾ ಹಾಕಿದ್ದೆ, ಖರೇನ ಹಾಕಿದ್ದೆ! ಕಂಪ್ಯೂಟರ ತಾನ… ಹಂಗ ನೋಡಬ್ಯಾಡ ಬೇ. ಆತು, ನಾನ ತಗದೆ. ನಿಮ್ಮ ಹಳೇ ಮಗ್ಗದ ಅಳತಿ ಕೊಟ್ರ ಗೆರಿ ಎಲ್ಲಾ ಕೆಂಪಗಾಗಿ ಕುಂತ್ವು. ಒಂದ ಕಟ್ಟಳಿ ಇನ್ನೊಂದಕ್ಕ ಅಡ್ಡ ಬಂದಿತ್ತು. ಯಾವುದು ತಪ್ಪು ಅಂತ ಹುಡುಕಬೇಕಿತ್ತು. ತಲಿ ಕೆಟ್ಟಿತ್ತು, ಸಮಾಂತರ ಅನ್ನೂದನ್ನ ಅಳಿಸಿದೆ. ಕೆಂಪ ಹೋತು. ಪಟ್ಟಿ ಕೊರಸಿಬಿಟ್ಟೆ. ಅಂಥಾ ಪಟ್ಟಿಗೆ ಲಾಳಿ ಬಡದ್ರ ನೆಟ್ಟಗ ಹೊಳ್ಳಿ ಹೋಗೂದಿಲ್ಲ ಅತ್ತಿ, ಹೊರಗ ಜಿಗೀತೈತಿ. ಮಾರಿಗೆ ಬರತೈತಿ!

ಅಬ್ಬಾ… ಬಂದ ಮಾಡಿದಿ. ಛಲೋ ಆತು. ನಟ್ಟ ಬಿಚ್ಚೂ ಪಾನಾ ಎಲ್ಲೈತಿ, ಕೊಡ ಇಲ್ಲಿ.

ಅತ್ತಿ? ಪಾನಾ ಕೊಡ ಬೇ. ಬೈ! ಕಪಾಳಕ್ಕ ಎರಡ ಹೊಡಿ! ಬಾಜೂಕ ಹೊಳೆವ್ವನ ಮಗ್ಗ ಯಾಕ ನೋಡಾಕತ್ತಿ? ನನ್ನ ಕಡೆ ನೋಡ…

ಹೂಂ. ಅದಕ್ಕೂ ನಾನ ಕೂಡಿಸಿದ್ದೆ. ಅದ ದಿನಾ, ಅಂಥಾದ ಪಟ್ಟಿ.

ಹೊಳೆವ್ವ ತೂಕಡಿಸಿದ್ದಿಲ್ಲ, ಅತ್ತಿ. ಮುಧೋಳ ದವಾಖಾನ್ಯಾಗ ನೀ ಅಕಿಗಿ ಬಾಯಿಗೆ ಬಂದಂಗ ಬೈಯಾಕತ್ತಾಗ, ನಾ ಅಲ್ಲೇ ಬಾಗಲದಾಗ ನಿಂತಿದ್ದೆ. ನನ್ನದ ತಪ್ಪಿರಬೇಕು ಅಕ್ಕಾ ಅಂತ ಅಕಿ ಅಂದದ್ದೂ ಕೇಳಿಸಿತ್ತು.